ವಿದೇಶಿ ಗೆಳೆಯರ ಜೊತೆ ಕರಾವಳಿಗೆ ಮೂರು ದಿನ: ಟಿಕೆಟ್‌ನಿಂದ ಮೀನೂಟದವರೆಗೆ

ಶುಕ್ರವಾರವೋ ಸೋಮವಾರವೋ ರಜೆ ಬಿತ್ತು ಅಂದರೆ ಬೆಂಗಳೂರಿನ ಅರ್ಧ ಜನ ಗೋಕರ್ಣದ ಕಡೆ ಮುಖ ಮಾಡುತ್ತಾರೆ. ಜೊತೆಗೆ ಆಫೀಸಿನ ಜರ್ಮನ್ ಸಹೋದ್ಯೋಗಿ, ಪಕ್ಕದ ಫ್ಲ್ಯಾಟಿನ ಜಪಾನಿ ದಂಪತಿ, ಕಾಲೇಜಿನಲ್ಲಿ ಓದುತ್ತಿರುವ ಕೀನ್ಯಾದ ಗೆಳೆಯ ಇದ್ದರೆ ಅದೇ ಟ್ರಿಪ್‌ಗೆ ತಯಾರಿ ಬೇರೆ ಥರ ಬೇಕು. ನಮಗೆ ಒಂದು ಲಾಡ್ಜ್ ಸಿಗದಿದ್ದರೆ ಪಕ್ಕದ್ದಕ್ಕೆ ಹೋಗುತ್ತೇವೆ. ಅವರಿಗೆ ಪಕ್ಕದ್ದರಲ್ಲೂ ರೂಮು ಕೊಡದೇ ಇರಬಹುದು.

ಇಂಥ ಪ್ರವಾಸ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಹೇಳಬೇಕಾದ್ದನ್ನು ನಾವು ಮೊದಲೇ ಹೇಳಿರುವುದಿಲ್ಲ. ಮತ್ತೆ, ನಮ್ಮ ಕಡೆಯದೆಲ್ಲ ತೋರಿಸಿಬಿಡುವ ಹುರುಪಿನಲ್ಲಿ ಮೂರು ದಿನಕ್ಕೆ ಹತ್ತು ಊರು ತುರುಕುತ್ತೇವೆ. ಹಾಗಾಗಿ ಈ ಮಾರ್ಗದರ್ಶಿ ಒಂದೇ ಊರಲ್ಲಿ ಉಳಿದು, ಸುತ್ತಮುತ್ತ ನೋಡಿ ಬರುವವರಿಗೆ. ಉಳಿಯುವ ಊರು ಕುಮಟಾ. ಗೋಕರ್ಣ ಸುಮಾರು 30 ಕಿಲೋಮೀಟರ್, ಹೊನ್ನಾವರ 20. ರಜೆಯಲ್ಲಿ ಗೋಕರ್ಣದ ಗದ್ದಲ ಹಗಲಿಗೆ ಸಾಕು, ರಾತ್ರಿ ನಿದ್ದೆಗೆ ಕುಮಟೆಯೇ ಚೆಂದ.

ಮೊದಲು ದಿನಾಂಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಗಾಲದ ಕಡಲು ನೋಡೋಕೆ ಚಂದ, ಇಳಿಯೋಕೆ ಅಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಹಾಗಾಗಿ ಮೀನೂ ಕಡಿಮೆ. ಹೆದ್ದಾರಿಯದ್ದು ಇನ್ನೊಂದು ಚಿಂತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋಗಿದ್ದು ನೆನಪಿದೆಯಲ್ವಾ?

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತು ಅಂದರೆ ಸೆಕೆ. ಬಿಸಿಲಿಗಿಂತ ಆ ಬೆವರು ಚಳಿದೇಶದವರನ್ನು ಜಾಸ್ತಿ ಸುಸ್ತು ಮಾಡುತ್ತದೆ. ಶಿವರಾತ್ರಿ ವಾರದಲ್ಲಿ ಗೋಕರ್ಣಕ್ಕೆ ರಥೋತ್ಸವದ ಜನ ನುಗ್ಗುತ್ತಾರೆ. ಜಾತ್ರೆ ನೋಡಲೆಂದೇ ಹೋಗುವುದಾದರೆ ಸರಿ, ಬೀಚಿಗಾಗಿ ಆದರೆ ಬೇಡ.

2026ರಲ್ಲಿ ಗಾಂಧಿ ಜಯಂತಿ ಶುಕ್ರವಾರ, ಕ್ರಿಸ್‌ಮಸ್ಸೂ ಶುಕ್ರವಾರ. ಡಿಸೆಂಬರ್‌ನಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ರೂಮಿನ ಬಾಡಿಗೆ ಮತ್ತು ಜನ ಎರಡೂ ಏರಿರುತ್ತವೆ. ನನ್ನನ್ನು ಕೇಳಿದರೆ ಅಕ್ಟೋಬರ್ ಎನ್ನುತ್ತೇನೆ. ಮಳೆ ಈಗಷ್ಟೇ ಹಿಂದೆ ಸರಿದಿರುತ್ತದೆ, ಗುಡ್ಡ ಇನ್ನೂ ಹಸಿರು. ಒಂದು ವಿಷಯ ಗೆಳೆಯರಿಗೆ ಮೊದಲೇ ತಿಳಿಸಿ: ಅಕ್ಟೋಬರ್ 2 ಮದ್ಯ ಮಾರಾಟ ಇಲ್ಲದ ದಿನ. ಕಡಲ ದಂಡೆಯಲ್ಲಿ ಬಿಯರ್ ಹಿಡಿದು ಸೂರ್ಯಾಸ್ತ ನೋಡುವ ಕನಸು ಕಂಡಿದ್ದವರು ಶನಿವಾರದವರೆಗೆ ಕಾಯಬೇಕು. ಅದೂ ಬಾರಲ್ಲಿ. ದಂಡೆಯ ಮೇಲೆ ಕುಡಿದು ಸಿಕ್ಕಿಬಿದ್ದರೆ ಪೊಲೀಸ್ ಕೇಸು.

ಟಿಕೆಟ್: ಎರಡು ತಿಂಗಳ ಮೊದಲೇ

ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸೇ ಸರಿ. ದಿನಾಲೂ ಸಂಜೆ ಹೊರಟು ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಉಡುಪಿ, ಕುಂದಾಪುರ ದಾಟಿ ಬೆಳಗ್ಗೆ ಕುಮಟಾ ಮುಟ್ಟಿಸುತ್ತದೆ. ಕಾರಲ್ಲಿ ಆದರೆ ಹತ್ತಿರ ಹತ್ತಿರ 500 ಕಿಲೋಮೀಟರ್. ರಜೆಯ ಹಿಂದಿನ ಸಂಜೆ ನೆಲಮಂಗಲ ದಾಟುವಷ್ಟರಲ್ಲೇ ಗೆಳೆತನದ ಪರೀಕ್ಷೆ ಮುಗಿದಿರುತ್ತದೆ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಶುರುವಾಗುತ್ತದೆ. 2024ರ ನವೆಂಬರ್‌ಗಿಂತ ಮುಂಚೆ 120 ದಿನ ಇತ್ತು. ಅಂದರೆ 2026ರ ಅಕ್ಟೋಬರ್ 1ರ ಗುರುವಾರ ರಾತ್ರಿಯ ಗಾಡಿಗೆ ಆಗಸ್ಟ್ 2ರ ಬೆಳಗ್ಗೆ 8ಕ್ಕೆ ಕೂರಬೇಕು. ಭಾನುವಾರ ಅಕ್ಟೋಬರ್ 4ರ ವಾಪಸ್ ಟಿಕೆಟ್‌ಗೆ ಆಗಸ್ಟ್ 5. ಹೋಗುವ ಟಿಕೆಟ್ ಸಿಕ್ಕಿದ ಖುಷಿಯಲ್ಲಿ ಬರುವ ಟಿಕೆಟ್ ಮರೆಯಬೇಡಿ. ಭಾನುವಾರದ ಗಾಡಿಗೇ ನೂಕುನುಗ್ಗಲು ಹೆಚ್ಚು.

ಬುಕ್ ಮಾಡುವಾಗ ನೋಡಿಕೊಳ್ಳಬೇಕಾದ್ದು ಇಷ್ಟು. ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಆಗಿರಲಿ. ಇಲ್ಲದಿದ್ದರೆ ಬುಕಿಂಗ್ ತೆರೆದ ಮೊದಲ ದಿನ ನಿಮಗೆ ಅವಕಾಶ ಇಲ್ಲ, ತತ್ಕಾಲ್ ಕೂಡ ಸಿಗಲ್ಲ. ಗೆಳೆಯರ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹಾಕಿ. ರಾಷ್ಟ್ರೀಯತೆಯ ಜಾಗದಲ್ಲಿ ಅವರವರ ದೇಶ ಆರಿಸಿ, ಪಾಸ್‌ಪೋರ್ಟ್ ನಂಬರ್ ಕೊಡಿ. ಆರ್‌ಎಸಿ ಬಂದರೆ ಸೈಡ್ ಬರ್ತ್‌ನಲ್ಲಿ ಇಬ್ಬರು ಕೂರಬೇಕು ಎನ್ನುವುದನ್ನು ಆಗಲೇ ಹೇಳಿಬಿಡಿ. ಗಾಡಿ ಹತ್ತಿದ ಮೇಲೆ ಹೇಳಿದರೆ ಮೋಸ ಅನ್ನಿಸುತ್ತದೆ.

ಎಸಿ ಬೋಗಿಯಾ, ಸ್ಲೀಪರಾ? ಕೇಳಿ ನೋಡಿ. ಕೆಲವರಿಗೆ ಕಿಟಕಿ ತೆರೆದು ಗಾಳಿಗೆ ಮುಖ ಕೊಡುವ ಆಸೆ ಇರುತ್ತದೆ. ಆದರೆ ಸಕಲೇಶಪುರದ ಘಾಟಿಯನ್ನು ಈ ಗಾಡಿ ರಾತ್ರಿ ಇಳಿಯುತ್ತದೆ, ಕಾಣುವುದು ಕತ್ತಲೆಯೇ. 55 ಕಿಲೋಮೀಟರಿನಲ್ಲಿ 57 ಸುರಂಗ ದಾಟಿದೆವು ಎಂದು ಬೆಳಗ್ಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕುಮಟಾ ಹತ್ತಿರ ಬರುವಾಗ ಬೆಳಕು ಹರಿಯುತ್ತದೆ. ಆಮೇಲೆ ಬಾಗಿಲ ಹತ್ತಿರ ಹೊಳೆ, ತೆಂಗು, ಸೇತುವೆ ಎಲ್ಲವೂ ಸಿಗುತ್ತವೆ.

ರೈಲು ಸಿಗದಿದ್ದರೆ ವಂದೇ ಭಾರತ್‌ನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಯಲ್ಲಾಪುರ, ಅಂಕೋಲಾ ಮೇಲೆ ಇಳಿಯಬಹುದು. ಹಗಲಿನ ದಾರಿ, ಕಾಡು ನೋಡಿದ ಹಾಗೂ ಆಗುತ್ತದೆ. ಸರ್ಕಾರಿ ಸ್ಲೀಪರ್ ಬಸ್ಸೂ ಇದೆ. ಖಾಸಗಿ ಬಸ್ಸಿನವರ ರಜೆಯ ದರ ನೋಡಿ ವಿಮಾನವೇ ಅಗ್ಗ ಅನ್ನಿಸಿದರೆ ಆಶ್ಚರ್ಯ ಇಲ್ಲ.

ರೂಮು: "ವಿದೇಶಿಯರಿಗೆ ಕೊಡ್ತೀರಾ?" ಎಂದೇ ಕೇಳಿ

ಇಡೀ ತಯಾರಿಯಲ್ಲಿ ಜನ ಎಡವುವ ಜಾಗ ಇದು. ಆ್ಯಪ್‌ನಲ್ಲಿ ಬುಕ್ ಆಗಿರುತ್ತದೆ, ದುಡ್ಡೂ ಹೋಗಿರುತ್ತದೆ, ಬಾಗಿಲಿಗೆ ಹೋದಾಗ "ಫಾರಿನರ್ಸ್‌ಗೆ ಕೊಡಲ್ಲ ಸಾರ್" ಎನ್ನುತ್ತಾರೆ. ಇದರಲ್ಲಿ ಮಾಲೀಕನ ದುರಹಂಕಾರ ಏನೂ ಇರಬೇಕಿಲ್ಲ. ವಿದೇಶಿಯರನ್ನು ಇರಿಸಿಕೊಂಡವರು ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ ಕೊಡಬೇಕು. ಎಲ್ಲರೂ ಇದನ್ನು ಕರೆಯುವುದು ಸಿ ಫಾರ್ಮ್ ಎಂದು. ಅದಕ್ಕೆ ಮಾಲೀಕರು ಮೊದಲೇ ನೋಂದಣಿ ಮಾಡಿಸಿರಬೇಕು. ಸಣ್ಣ ಲಾಡ್ಜ್‌ನವರು, ಹೋಂ ಸ್ಟೇಯವರು ಎಷ್ಟೋ ಜನ ಮಾಡಿಸಿರುವುದಿಲ್ಲ.

ಆದ್ದರಿಂದ ಆ್ಯಪ್ ನಂಬಿ ಕೂರದೆ ಫೋನ್ ಮಾಡಿ. ಮೂರು ಪ್ರಶ್ನೆ ಕೇಳಿ: ವಿದೇಶಿ ಪಾಸ್‌ಪೋರ್ಟ್‌ನವರಿಗೆ ರೂಮು ಕೊಡ್ತೀರಾ, ಸಿ ಫಾರ್ಮ್ ನೀವೇ ಹಾಕ್ತೀರಾ, ಯಾವ ಯಾವ ಕಾಗದ ಬೇಕು? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. "ಬನ್ನಿ, ಏನೋ ಮಾಡೋಣ" ಎಂದರೆ ಖಂಡಿತ ಬೇರೆ ಕಡೆ ನೋಡಿ. ಒಪ್ಪಿದವರ ಹತ್ತಿರ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಕಾಗದ ಅಂದರೆ ಪಾಸ್‌ಪೋರ್ಟಿನ ಫೋಟೋ ಪುಟ, ಚಾಲ್ತಿಯಲ್ಲಿರುವ ವೀಸಾ, ಇಲ್ಲೇ ಓದುವವರು ಅಥವಾ ಕೆಲಸ ಮಾಡುವವರಾದರೆ ವಾಸದ ಪರವಾನಗಿ. ಮೂಲ ಪ್ರತಿಯೇ ಜೊತೆಗಿರಲಿ. ಫೋನ್‌ನಲ್ಲಿ ಒಂದು, ನಿಮ್ಮ ಮೇಲ್‌ನಲ್ಲಿ ಒಂದು ನಕಲು ಇರಲಿ. ವೀಸಾ ಅವಧಿ ಮುಗಿಯುವ ತಾರೀಕು ಅವರಿಗೇ ಒಮ್ಮೆ ನೋಡಿಕೊಳ್ಳಲು ಹೇಳಿ. 2025ರ ಜುಲೈನಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯಲ್ಲಿ ವೀಸಾ ಮುಗಿದ ರಷ್ಯಾದ ಮಹಿಳೆಯೊಬ್ಬರು ಮಕ್ಕಳ ಜೊತೆ ಇದ್ದದ್ದು ದೊಡ್ಡ ಸುದ್ದಿ ಆಗಿತ್ತು. ಈ ಭಾಗದಲ್ಲಿ ಯಾರಾದರೂ ಕಾಗದ ಸ್ವಲ್ಪ ಜಾಸ್ತಿಯೇ ನೋಡಿದರೆ ಬೇಸರಿಸಬೇಡಿ.

"ನಮ್ಮ ಮಾವನ ಮನೆ ಅಂಕೋಲದಲ್ಲೇ ಇದೆ, ಅಲ್ಲೇ ಉಳಿಸೋಣ" ಎಂದುಕೊಂಡಿದ್ದೀರಾ? ಒಳ್ಳೆಯದೇ. ಆದರೆ ಮನೆಯಲ್ಲಿ ಇರಿಸಿಕೊಂಡರೂ ಇದೇ ನಿಯಮ ಇದೆ. ಮಾವನ ಬದಲು ನೀವೇ ಕೂತು ಆ ಕೆಲಸ ಮುಗಿಸಿಕೊಡಿ.

ಇನ್ನೊಂದು ಮಾತು, ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಬಿಳಿ ಬಣ್ಣದವರು ಬಂದರೆ ಹಲ್ಲು ಕಿರಿದು ಸ್ವಾಗತಿಸುವ ಜಾಗದಲ್ಲೇ ಆಫ್ರಿಕಾದ ಗೆಳೆಯನಿಗೆ ಹತ್ತು ಪ್ರಶ್ನೆ ಬೀಳುವುದುಂಟು. ಫೋನ್‌ನಲ್ಲಿ ಮಾತಾಡುವಾಗಲೇ ಯಾವ ದೇಶದವರು ಎಂದು ಹೇಳಿ. ಧ್ವನಿ ಬದಲಾದರೆ ಫೋನ್ ಇಟ್ಟುಬಿಡಿ. ಅವಮಾನ ನಿಮ್ಮ ಕಿವಿಗೇ ಮುಗಿಯಲಿ, ಅವರವರೆಗೆ ಹೋಗುವುದು ಬೇಡ.

ರೂಮಲ್ಲಿ ಏನಿದೆ, ಏನಿಲ್ಲ ಎಂದೂ ವಿಚಾರಿಸಿ. ಕಮೋಡ್ ಇದೆಯಾ? ಟಾಯ್ಲೆಟ್ ಪೇಪರ್ ಇರಲ್ಲ, ನೀವೇ ಎರಡು ಸುರುಳಿ ಒಯ್ಯಿರಿ. ಹೋಂ ಸ್ಟೇ ಆದರೆ ಬಚ್ಚಲಲ್ಲಿ ಹಂಡೆ, ಬಕೆಟ್ಟು, ಚೊಂಬು. ಹಂಡೆಯ ನೀರು ಕುದಿಯುತ್ತಿರುತ್ತದೆ, ತಣ್ಣೀರು ಬೆರೆಸಿಕೊಳ್ಳಬೇಕು ಎಂದು ತೋರಿಸಿಕೊಡಿ. ಹೇಳದೇ ಬಿಟ್ಟರೆ ಕೈ ಸುಡುತ್ತದೆ.

ಹೊರಡುವ ವಾರ ಕಳಿಸಬೇಕಾದ ಒಂದು ಮೆಸೇಜ್

ಗ್ರೂಪಿನಲ್ಲಿ ಒಂದೇ ಉದ್ದನೆಯ ಮೆಸೇಜ್ ಹಾಕಿ. ಬಿಡಿಬಿಡಿಯಾಗಿ ಹೇಳಿದ್ದು ಯಾರಿಗೂ ನೆನಪಿರಲ್ಲ. ಅದರಲ್ಲಿ ಇವು ಇರಲಿ:

- ಡ್ರೋನ್ ಬೇಡ. ಸ್ಯಾಟಲೈಟ್ ಫೋನ್ ಅಂತೂ ಬೇಡವೇ ಬೇಡ, ಅನುಮತಿ ಇಲ್ಲದೆ ಇಟ್ಟುಕೊಂಡರೆ ಬಂಧನದವರೆಗೂ ಹೋಗುತ್ತದೆ. ಟ್ರೆಕಿಂಗ್ ಮಾಡುವವರ ಹತ್ತಿರ ಉಪಗ್ರಹಕ್ಕೆ ಮೆಸೇಜ್ ಕಳಿಸುವ ಸಣ್ಣ ಸಾಧನ ಇರುತ್ತದೆ, ಅದೂ ಇದರಲ್ಲೇ ಬಂತು. ಕಾರವಾರದಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ. ಇದು ತಮಾಷೆಯ ಜಿಲ್ಲೆ ಅಲ್ಲ.
- ಇ-ಸಿಗರೇಟಿನ ಮಾರಾಟ, ಆಮದು ಎಲ್ಲ 2019ರಿಂದ ದೇಶದಲ್ಲಿ ನಿಷೇಧ. ಬ್ಯಾಗಿನಲ್ಲಿ ತರದಿರುವುದೇ ಕ್ಷೇಮ.
- ಗೋಕರ್ಣದಲ್ಲಿ ಯಾರೋ ಗಾಂಜಾ ಬೇಕಾ ಎಂದು ಕೇಳಬಹುದು. ಬೇಡ ಎಂದು ನಡೆಯುತ್ತಿರಬೇಕು. ಸಿಕ್ಕಿಬಿದ್ದರೆ ವೀಸಾ ಕಥೆ ಮುಗಿದ ಹಾಗೆ.
- ಓಂ, ಕುಡ್ಲೆ ಬೀಚಿನಲ್ಲಿ ಈಜುಡುಗೆ ಸರಿ. ಊರೊಳಗೆ, ರಥಬೀದಿಯಲ್ಲಿ, ದೇವಸ್ಥಾನದ ಎದುರಿನ ಬೀಚಿನಲ್ಲಿ ಮೈ ಮುಚ್ಚುವ ಬಟ್ಟೆ. ಒಂದು ಪಂಚೆಯೋ ಲುಂಗಿಯೋ ಬ್ಯಾಗಿನಲ್ಲಿದ್ದರೆ ಹತ್ತು ಕಡೆ ಉಪಯೋಗ.
- ಸ್ಕೂಟರ್ ಬಾಡಿಗೆಗೆ ಬೇಕಿದ್ದರೆ ಅವರ ದೇಶದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿ ಇರಬೇಕು, ಅದರಲ್ಲಿ ಬೈಕಿನ ವಿಭಾಗವೂ ಇರಬೇಕು. ಬಾಡಿಗೆ ಗಾಡಿಯ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಬಿಳಿ ಪ್ಲೇಟಿನ ಗಾಡಿ ಕೊಟ್ಟರೆ ತೆಗೆದುಕೊಳ್ಳಬೇಡಿ, ಅಪಘಾತವಾದರೆ ವಿಮೆ ಕೈಕೊಡುತ್ತದೆ.
- ಸೆಲ್ಫಿ ಕೇಳುವವರು ಬರುತ್ತಾರೆ. ಬೇಡ ಎನ್ನಬಹುದು, ಅದು ಒರಟುತನ ಅಲ್ಲ.

ಕೊನೆಯದನ್ನು ಬರೆದು ಬಿಟ್ಟರೆ ಸಾಲದು. ಒಂದು ಕುಟುಂಬಕ್ಕೆ ಹೂಂ ಎಂದರೆ ಹಿಂದೆ ಸಾಲು ನಿಂತಿರುತ್ತದೆ. ಮುಂದೆ ನಿಂತು "ಬೇಡಪ್ಪ, ಅವರಿಗೆ ಸುಸ್ತಾಗಿದೆ" ಎನ್ನುವ ಕೆಲಸ ನಿಮ್ಮದು. ಹೆಣ್ಣುಮಕ್ಕಳು ಈಜುವಾಗ ದೂರದಿಂದ ಮೊಬೈಲ್ ಹಿಡಿದು ನಿಂತವರನ್ನು ಕನ್ನಡದಲ್ಲೇ ಗಟ್ಟಿಯಾಗಿ ಕೇಳಿ, ಬೇಗ ಜಾಗ ಖಾಲಿ ಮಾಡುತ್ತಾರೆ.

ಮೊದಲ ದಿನ: ಗೋಕರ್ಣ

ಬೆಳಗ್ಗೆ ಕುಮಟೆಯಲ್ಲಿ ಇಳಿದು, ಸ್ನಾನ ತಿಂಡಿ ಮುಗಿಸಿ, ಒಂದು ಗಂಟೆ ಮಲಗಲು ಬಿಡಿ. ರೈಲಿನಲ್ಲಿ ಎಲ್ಲರಿಗೂ ನಿದ್ದೆ ಬಂದಿರುವುದಿಲ್ಲ.

ಗೋಕರ್ಣಕ್ಕೆ ಹೋಗುವ ದಾರಿಯಲ್ಲೇ ಮಿರ್ಜಾನ್ ಕೋಟೆ. ಹೆದ್ದಾರಿಯಿಂದ ಹತ್ತಿರ. ಕೆಂಪು ಜಂಬಿಟ್ಟಿಗೆ ಗೋಡೆ, ಮಳೆ ಮುಗಿದ ಹೊಸತರಲ್ಲಿ ಅದರ ಮೇಲೆಲ್ಲ ಪಾಚಿ, ಹುಲ್ಲು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಇಲ್ಲಿಂದ ಕಾಳುಮೆಣಸಿನ ವ್ಯಾಪಾರ ನಡೆಸಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಯುರೋಪಿನ ಗೆಳೆಯರಿಗೆ ಈ ಕಥೆ ಹೇಳಲು ಕೋಟೆಯ ಗೋಡೆಗಿಂತ ಒಳ್ಳೆ ಜಾಗ ಇಲ್ಲ. ಅವರಜ್ಜಂದಿರ ಅಡುಗೆಮನೆಗೆ ಹೋದ ಮೆಣಸು ಇಲ್ಲಿಂದಲೂ ಹೋಗಿರಬಹುದಲ್ವಾ?

ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದೇ ಹೋಗಿ. ಅರ್ಧ ಗಂಟೆ ಹಿಡಿಯಬಹುದು. ಮೇಲಿಂದ ನೋಡಿದಾಗಲೇ ಓಂ ಆಕಾರ ಸರಿಯಾಗಿ ಕಾಣುವುದು. ಮುಂದಿನ ಹಾಫ್‌ಮೂನ್, ಪ್ಯಾರಡೈಸ್ ಬೀಚುಗಳಿಗೂ ದಾರಿ ಇದೆ. ಆದರೆ ಕತ್ತಲಾಗುವ ಮೊದಲು ವಾಪಸಾಗುವ ಲೆಕ್ಕ ಹಾಕಿ ಹೊರಡಿ.

ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗುವುದಾದರೆ ವಿದೇಶಿಯರಿಗೆ ಎಲ್ಲಿಯವರೆಗೆ ಪ್ರವೇಶ ಎಂದು ಕೌಂಟರಿನಲ್ಲಿ ಕೇಳಿಕೊಂಡು ಸಾಲಿನಲ್ಲಿ ನಿಲ್ಲಿ. ಗರ್ಭಗುಡಿಯವರೆಗೆ ಹೋಗಲು ಬಿಡುವುದಿಲ್ಲ, ಇದನ್ನು ಗೆಳೆಯರಿಗೆ ಮೊದಲೇ ಹೇಳಿ. ಗಂಡಸರು ಅಂಗಿ ತೆಗೆಯಬೇಕು, ಪಂಚೆ ಉಡಬೇಕು. ಒಳಗೆ ಹೋಗದಿದ್ದರೂ ನಷ್ಟ ಇಲ್ಲ. ರಥಬೀದಿಯಲ್ಲಿ ನಿಂತಿರುವ ತೇರು, ಕೋಟಿತೀರ್ಥದ ಮೆಟ್ಟಿಲು, ರಾವಣನ ಕೈಯಿಂದ ಆತ್ಮಲಿಂಗ ಗಣಪತಿ ಕೆಳಗಿಟ್ಟ ಕಥೆ, ಇಷ್ಟಕ್ಕೇ ಒಂದು ಸಂಜೆ ತುಂಬುತ್ತದೆ.

ನೀರಿಗೆ ಇಳಿಯುವ ಮುಂಚೆ

"ನನಗೆ ಈಜು ಚೆನ್ನಾಗಿ ಬರುತ್ತೆ" ಎನ್ನುವವರ ಬಗ್ಗೆಯೇ ಜಾಸ್ತಿ ಎಚ್ಚರ ಬೇಕು. ಈಜುಕೊಳದ ಈಜು ಬೇರೆ, ಅರಬ್ಬಿ ಸಮುದ್ರದ ಸೆಳೆತ ಬೇರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆಗ ಮಳೆಗಾಲವೂ ಅಲ್ಲ.

ಸೆಳೆತವನ್ನು ಗುರುತಿಸುವುದು ಹೀಗೆ. ಎರಡೂ ಕಡೆ ಅಲೆ ಒಡೆದು ಬಿಳಿ ನೊರೆ ಎದ್ದಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಇಳಿಯಲು ಒಳ್ಳೆಯ ಜಾಗ ಅನ್ನಿಸುವುದೇ ಅದು. ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಓಡುವ ದಾರಿಯೂ ಅದೇ. ಸಿಕ್ಕಿಕೊಂಡರೆ ದಡದ ಕಡೆ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ಇದನ್ನು ಮರಳಿನ ಮೇಲೆ ಗೆರೆ ಎಳೆದು ಎಲ್ಲರಿಗೂ ತೋರಿಸಿ. ಕೆಂಪು ಬಾವುಟ ಇದ್ದರೆ, ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಇಲ್ಲ, ಮೇಲೆ ಬರಬೇಕು. ಕುಡಿದವರು ನೀರಿಗಿಲ್ಲ. ಓಂ ಬೀಚಿನ ಬಂಡೆಗಳ ತುದಿಗೆ ಫೋಟೋಗೆಂದು ಹೋಗುವುದು ಬೇಡ, ಪಾಚಿ ಕಟ್ಟಿ ಜಾರುತ್ತವೆ. ಡಾಲ್ಫಿನ್ ತೋರಿಸುವ ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ.

ಲೋಳೆಮೀನು ಕುಟುಕಿದರೆ ಕಡಲ ನೀರಲ್ಲೇ ತೊಳೆಯಿರಿ, ಉಜ್ಜಬೇಡಿ, ಸಿಹಿನೀರು ಹಾಕಬೇಡಿ.

ಎರಡನೇ ದಿನ: ಅಘನಾಶಿನಿ ಮತ್ತು ಊಟ

ಮೂರು ದಿನದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಬೀಚು ಅವರ ದೇಶದಲ್ಲೂ ಇದೆ. ಅಘನಾಶಿನಿ ಇಲ್ಲಿ ಮಾತ್ರ.

ಶಿರಸಿಯ ಕಡೆ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ಹರಿದು ಬರುವ ಹೊಳೆ ಇದು. ಕಡಲು ಸೇರುವ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕುಮಟೆಯಿಂದ ಬಾಡದ ಮೇಲೆ ಅಘನಾಶಿನಿ ಊರಿಗೆ ಹೋಗಿ. ಅಲ್ಲಿಂದ ತದಡಿಗೆ ದೋಣಿ ಇದೆ. ಸೈಕಲ್ಲು, ಬುಟ್ಟಿ, ಶಾಲೆ ಮಕ್ಕಳು, ಬೈಕು ಎಲ್ಲವೂ ಅದರಲ್ಲೇ. ಪ್ರವಾಸಿಗರಿಗೆಂದು ಮಾಡಿದ ದೋಣಿ ಅಲ್ಲ, ಅದಕ್ಕೇ ಎಲ್ಲರಿಗೂ ಇಷ್ಟವಾಗುತ್ತದೆ.

ಹೋಗುವ ಹೊತ್ತನ್ನು ಇಳಿತ ನೋಡಿ ಗೊತ್ತು ಮಾಡಿ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಿಂದಿನ ದಿನ ಊರವರನ್ನು ಕೇಳಿದರೆ ಗಡಿಯಾರ ನೋಡದೆ ಹೇಳುತ್ತಾರೆ. ನೀರು ಇಳಿದಾಗ ಗಂಡಸರು, ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಾರೆ. ಕಣ್ಣಿಗೆ ಏನೂ ಕಾಣದು. ಕಾಲಿನಲ್ಲಿ ಕೆಸರು ತಡವಿ, ಬೆರಳಿಗೆ ಗಟ್ಟಿ ಸಿಕ್ಕಿದ್ದನ್ನು ಬಗ್ಗಿ ತೆಗೆದು, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಪಾತ್ರೆಗೆ ಕಟ್ಟಿದ ಹಗ್ಗ ಸೊಂಟಕ್ಕಿರುತ್ತದೆ, ಅವರು ನಡೆದ ಕಡೆ ಪಾತ್ರೆ ಹಿಂದೆಯೇ ಬರುತ್ತದೆ. ಒಳಗಿನ ಮಾಂಸ ಸಾರಿಗೆ, ಚಿಪ್ಪು ಸುಣ್ಣಕ್ಕೆ. ಫೋಟೋ ತೆಗೆಯುವ ಮುಂಚೆ "ತೆಗೀಲಾ?" ಎಂದು ಕೇಳಿ. ಮುಖ ತಿರುಗಿಸಿದರೆ ಕ್ಯಾಮೆರಾ ಒಳಗಿಡಿ. ಅಂಕೋಲಾ, ಕುಮಟೆಯ ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಅಮ್ಮಂದಿರಿಗೂ ಇದೇ ಮಾತು. ಮೊದಲು ನಾಲ್ಕು ಸೌತೆಕಾಯಿ ಕೊಳ್ಳಿ, ಆಮೇಲೆ ಕೇಳಿ.

ಹತ್ತಿರದ ಮಾಣಿಕಟ್ಟೆಯ ಗಜನಿಗಳಲ್ಲಿ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಗಳಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ಹೊಕ್ಕರೂ ಸಾಯದ ತಳಿ. ಬೇಸಿಗೆಯ ಕಡೆ ಬಂದಿದ್ದರೆ ಸಾಣಿಕಟ್ಟೆಯ ಉಪ್ಪಿನ ಆಗರವನ್ನೂ ಸೇರಿಸಿಕೊಳ್ಳಿ. 1930ರ ಉಪ್ಪಿನ ಸತ್ಯಾಗ್ರಹ ನಮ್ಮಲ್ಲಿ ಅಂಕೋಲದಲ್ಲೇ ನಡೆದದ್ದು. ಗಾಂಧಿ ಜಯಂತಿ ರಜೆಯಲ್ಲಿ ಬಂದವರಿಗೆ ಹೇಳಲು ಇದಕ್ಕಿಂತ ಬೇರೆ ಕಥೆ ಬೇಕೇ?

ಈಗ ಊಟ. ಖಾರದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಮುಳ್ಳಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೂಳೆ ಮುಳ್ಳು ತೆಗೆದ ಮೀನನ್ನೇ ತಿಂದು ಬೆಳೆದವರ ಮುಂದೆ ಮೊದಲ ದಿನವೇ ತಾರ್ಲೆ (ಬೂತಾಯಿ) ಇಡಬೇಡಿ. ನೋಗ್ಲಿಯಿಂದ ಶುರು ಮಾಡಿ, ಮಂಗಳೂರಿನವರು ಕಾಣೆ ಎನ್ನುವುದು ಇದನ್ನೇ. ನಡುಮುಳ್ಳು ಒಂದೇ ಎಳೆತಕ್ಕೆ ಬಿಡಿಸಿಕೊಂಡು ಬರುತ್ತದೆ. ಇಸವಾಣದ (ಅಂಜಲ್) ತುಂಡೂ ಸುಲಭ. ರವಾ ಫ್ರೈ ಮೊದಲು, ಮಸಾಲೆ ಫ್ರೈ ಆಮೇಲೆ. ಬಂಗಡೆಗೆ ಬರುವಷ್ಟರಲ್ಲಿ ಕೈ ಪಳಗಿರುತ್ತದೆ. ಬೆರಳಲ್ಲಿ ಒತ್ತಿ ಮುಳ್ಳು ಹುಡುಕುವುದು ಚಮಚಕ್ಕೆ ಬರದ ಕೆಲಸ, ಹಾಗಾಗಿ ಕೈಯಲ್ಲಿ ಉಣ್ಣುವುದನ್ನು ಕಲಿಸಲು ಮೀನೇ ಒಳ್ಳೆಯ ನೆಪ. ದೊಡ್ಡ ಮೀನಿಗೆ ದರ ಗಾತ್ರದ ಮೇಲೆ. ಹುರಿಯಲು ಹೇಳುವ ಮುಂಚೆಯೇ ಎಷ್ಟು ಎಂದು ಕೇಳಿ, ಆಮೇಲೆ ಬಿಲ್ ನೋಡಿ ಜಗಳ ಬೇಡ. ಬೆಳಚು ಬೇಯಿಸಿದಾಗ ಬಾಯಿ ಬಿಡದ ಚಿಪ್ಪನ್ನು ತಿನ್ನಬಾರದು. ಕೊನೆಗೆ ಒಂದು ಲೋಟ ಸೋಲ್ ಕಡಿ, ಅಂದರೆ ಕೋಕಂ ಹುಳಿಯ ಪಾನಕ.

ಅಲರ್ಜಿಯನ್ನು ಬಾಯಲ್ಲಿ ಕೇಳಿದರೆ ಸಾಲದು, ಬರೆಸಿಕೊಳ್ಳಿ. ಸಿಗಡಿ, ಬೆಳಚು ಆಗದವರಿಗೆ ಬೇರೆ ಎಣ್ಣೆಯಲ್ಲಿ ಹುರಿಯಿರಿ ಎಂದು ಹೇಳಿದರೂ ಕಾವಲಿ ಒಂದೇ ಆಗಿರುತ್ತದೆ. ಜೋರು ಅಲರ್ಜಿ ಇದ್ದರೆ ಮೀನಿನ ಹೋಟೆಲೇ ಬೇಡ, ಸಸ್ಯಾಹಾರಿ ಖಾನಾವಳಿಗೆ ಹೋಗಿ. ಗೋಡಂಬಿ ಗ್ರೇವಿಯಲ್ಲಿ ಅಡಗಿರುತ್ತದೆ. ಗೋಧಿ ಆಗದವರಿಗೆ ನೀರು ದೋಸೆ, ಅನ್ನ ಎಲ್ಲ ಸರಿ, ಆದರೆ ಒಗ್ಗರಣೆಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರೆ. ಇದು ಅಡುಗೆಯವರಿಗೂ ಹೊಳೆಯದ ವಿಷಯ.

ಹಾಲು, ತುಪ್ಪ ಮುಟ್ಟದ ವೀಗನ್ ಗೆಳೆಯರಿಗೆ ಉತ್ತರ ಕನ್ನಡ ಸ್ವರ್ಗ. ತೆಂಗಿನ ಹಾಲಿನ ಸಾರು, ಪತ್ರೊಡೆ, ಅಪ್ಪೆಹುಳಿ. "ವೀಗನ್" ಎಂದರೆ ಅಡುಗೆಮನೆಗೆ ಅರ್ಥವಾಗಲಿಕ್ಕಿಲ್ಲ. "ಹಾಲು, ಮೊಸರು, ಮಜ್ಜಿಗೆ, ತುಪ್ಪ, ಬೆಣ್ಣೆ ಯಾವುದೂ ಬೇಡ" ಎಂದು ಒಂದೊಂದಾಗಿ ಹೇಳಿ. ತಂಬುಳಿಯಲ್ಲಿ ಮಜ್ಜಿಗೆ ಇದೆ ಎಂಬುದು ನಮಗೇ ಮರೆತುಹೋಗುತ್ತದೆ.

ಯಾರದಾದರೂ ಮನೆಯಲ್ಲಿ ಊಟಕ್ಕೆ ಕರೆದರೆ ಎಲೆಯ ಮೇಲೆ ಅಡ್ಡ ಕೈ ಹಿಡಿಯುವುದನ್ನು ಮೊದಲೇ ಕಲಿಸಿ. ಮರ್ಯಾದೆಗೆ ಎಲೆ ಖಾಲಿ ಮಾಡುವುದು, ಖಾಲಿ ಆಯಿತೆಂದು ಇವರು ಮತ್ತೆ ಬಡಿಸುವುದು, ಇದಕ್ಕೆ ಕೊನೆ ಇರುವುದಿಲ್ಲ.

ಮೂರನೇ ದಿನ: ಒಂದೇ ಜಾಗ

ರಾತ್ರಿ ಗಾಡಿ ಹಿಡಿಯಬೇಕು. ಯಾಣ ಅಥವಾ ಹೊನ್ನಾವರ, ಒಂದನ್ನು ಆರಿಸಿ.

ನಡೆಯಲು ಇಷ್ಟಪಡುವವರಾದರೆ ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ನಡುವೆ ಏಕಾಏಕಿ ಎದ್ದು ನಿಂತ ಕರಿ ಸುಣ್ಣಕಲ್ಲು. ಅಕ್ಟೋಬರ್‌ನಲ್ಲಿ ಉಂಬಳ ಇನ್ನೂ ಇರುತ್ತವೆ. ರಕ್ತ ನೋಡಿ ಗಾಬರಿ ಬೀಳುವವರಿಗೆ ಇದನ್ನು ಹೊರಡುವ ಮುನ್ನವೇ ಹೇಳಿ, ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.

ಸುಸ್ತಾಗಿದ್ದಾರೆ, ಮಕ್ಕಳಿದ್ದಾರೆ ಎಂದರೆ ಹೊನ್ನಾವರ. ಶರಾವತಿ ಹಿನ್ನೀರಿನ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ಕಾಲುದಾರಿ, ಮತ್ತೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಕಾಸರಕೋಡು ಬೀಚು. ಬೀಚಿನಲ್ಲಿ ಶುಚಿಯಾದ ಶೌಚಾಲಯ ಇದೆ. ಇದು ಸಣ್ಣ ವಿಷಯ ಅಲ್ಲ ಎಂದು ಜೊತೆಗಿರುವ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ. ಮುರ್ಡೇಶ್ವರದ 123 ಅಡಿಯ ಶಿವ, ಲಿಫ್ಟ್ ಇರುವ ರಾಜಗೋಪುರ ನೋಡಲೇಬೇಕೆಂದು ಯಾರಾದರೂ ಹಟ ಹಿಡಿದರೆ ಈ ದಾರಿಯಲ್ಲೇ ಮುಂದೆ ಹೋಗಬಹುದು. ನನಗೇನೋ ಅಲ್ಲಿ ಜನ ಜಾಸ್ತಿ ಅನ್ನಿಸುತ್ತದೆ.

ನವೆಂಬರ್‌ನಿಂದ ಮೇ ನಡುವೆ ಬಂದರೆ ಒಂದು ರಾತ್ರಿಯನ್ನು ಯಕ್ಷಗಾನಕ್ಕೆ ಕೊಡಿ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಮೇಳ ಇದೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ್ದು. ಎಲ್ಲಿ ಆಟ ಇದ್ದರೂ ಗೆಳೆಯರನ್ನು ಮೊದಲು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿ. ಅನುಮತಿ ಕೇಳಿ, ಚಪ್ಪಲಿ ಬಿಟ್ಟು, ಸುಮ್ನೆ ಮೂಲೆಯಲ್ಲಿ ನಿಂತು ಬಣ್ಣ ಹಚ್ಚುವುದನ್ನು ನೋಡಲಿ. ಸಾಮಾನ್ಯ ಮನುಷ್ಯನೊಬ್ಬ ಕಣ್ಣೆದುರೇ ರಾಕ್ಷಸನಾಗುವುದನ್ನು ನೋಡಿದ ಮೇಲೆ ಮಾತು ಅರ್ಥವಾಗದಿದ್ದರೂ ರಂಗಸ್ಥಳದಿಂದ ಕಣ್ಣು ಕೀಳುವುದಿಲ್ಲ. ಇಡೀ ರಾತ್ರಿ ಕೂರಿಸಬೇಡಿ. ಎರಡು ಗಂಟೆ ಸಾಕು.

ದುಡ್ಡು, ಆಸ್ಪತ್ರೆ, ವಾಪಸ್

"ನೀವು ಅತಿಥಿಗಳು, ನಾನೇ ಕೊಡ್ತೀನಿ" ಎಂದು ಪ್ರತಿ ಬಿಲ್ಲಿಗೂ ಹಟ ಮಾಡಿದರೆ ಅವರಿಗೆ ಹಿಂಸೆ. ಮೊದಲೇ ಮಾತಾಡಿ: ಟಿಕೆಟ್, ರೂಮು, ಕಾರು ಸಮ ಪಾಲು; ಒಂದು ಊಟ ನಿಮ್ಮ ಲೆಕ್ಕದಲ್ಲಿ. ಇಲ್ಲಿ ಬ್ಯಾಂಕ್ ಖಾತೆ ಇಲ್ಲದವರಿಗೆ ನಮ್ಮ ಹಾಗೆ ಯುಪಿಐ ಇರಲ್ಲ, ಹೊರದೇಶದ ಕಾರ್ಡು ಎಲ್ಲ ಎಟಿಎಂನಲ್ಲೂ ನಡೆಯಲ್ಲ. ಬೆಂಗಳೂರಲ್ಲೇ ನಗದು ತೆಗೆಸಿಟ್ಟುಕೊಳ್ಳಲಿ, ಅದರಲ್ಲಿ ನೂರರ, ಐವತ್ತರ ನೋಟುಗಳೂ ಇರಲಿ. ದೋಣಿಯವನ ಹತ್ತಿರ ಐನೂರಕ್ಕೆ ಚಿಲ್ಲರೆ ಇರುವುದಿಲ್ಲ.

ಎಲ್ಲರ ಪ್ರಯಾಣ ವಿಮೆಯ ಕಾಗದ ನಿಮ್ಮ ಫೋನಿನಲ್ಲೂ ಇರಲಿ. ಹೊಟ್ಟೆ ಕೆಟ್ಟರೆ ಕುಮಟೆಯಲ್ಲೇ ಔಷಧಿ ಸಿಗುತ್ತದೆ, ಓಆರ್‌ಎಸ್ ಪೊಟ್ಟಣ ಜೊತೆಗಿಟ್ಟಿರಿ. ದೊಡ್ಡದೇನಾದರೂ ಆದರೆ ಜಿಲ್ಲೆಯ ಜನ ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿನವರು ವರ್ಷಗಳಿಂದ ಕೂಗುತ್ತಿರುವುದು ಅದಕ್ಕೇ. ತುರ್ತಿಗೆ 112.

ಭಾನುವಾರ ಮಧ್ಯಾಹ್ನ ರೂಮಿಗೆ ಬಂದು ಮರಳು ಝಾಡಿಸಿ, ಒದ್ದೆ ಬಟ್ಟೆಗೆ ಬೇರೆ ಚೀಲ ಮಾಡಿ. ರೂಮು ಬಿಡುವ ಮುಂಚೆ ಪಾಸ್‌ಪೋರ್ಟು ವಾಪಸ್ ಬಂದಿದೆಯಾ ಎಂದು ಎಣಿಸಿ, ನಕಲು ಮಾಡಿಸಲೆಂದು ಕೌಂಟರಿಗೆ ಕೊಟ್ಟದ್ದು ಅಲ್ಲೇ ಡ್ರಾಯರಿನಲ್ಲಿ ಉಳಿಯುವುದುಂಟು. ಗಾಡಿ ಎಷ್ಟು ತಡ ಎಂದು ಫೋನಿನಲ್ಲಿ ನೋಡಿಕೊಂಡು ಸ್ಟೇಷನ್ನಿಗೆ ಹೊರಡಿ, ಆದರೆ ಆಟೋಗೆ ಮೊದಲೇ ಹೇಳಿಟ್ಟಿರಿ. ರಾತ್ರಿ ಊಟವನ್ನು ಊರಲ್ಲೇ ಕಟ್ಟಿಸಿಕೊಳ್ಳಿ. ಮೀನು ಬೇಡ, ಎಸಿ ಬೋಗಿಯಲ್ಲಿ ವಾಸನೆಗೆ ಪಕ್ಕದವರು ಬೈಯುತ್ತಾರೆ. ಚಿತ್ರಾನ್ನ, ಬನ್ಸು ಸಾಕು. ಗಾಡಿ ಹತ್ತಿದ ಕೂಡಲೇ ಎಲ್ಲರ ಖರ್ಚಿನ ಲೆಕ್ಕ ಗ್ರೂಪಿಗೆ ಹಾಕಿಬಿಡಿ, ಬೆಂಗಳೂರು ಮುಟ್ಟಿದ ಮೇಲೆ ಯಾರಿಗೂ ಪುರುಸೊತ್ತಿರಲ್ಲ.